ಕುಸುಮತ್ತೆಯ ಕೈಗೆ ಆಣೆ ಇರಲಿಲ್ಲ

ಕುಸುಮತ್ತೆ ಸಾರು ಮಾಡುತ್ತಿದ್ದದ್ದು ಕಿವಿಯಿಂದ. ಹೀಗೆ ಹೇಳಿದರೆ ನನ್ನ ಅಂಗಡಿಗೆ ಬರುವವರು ನಗುತ್ತಾರೆ. ಉಪ್ಪಿನಂಗಡಿಯಲ್ಲಿ ನನ್ನದು ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ. ಯಂತ್ರ ತಿರುಗುವ ಸದ್ದು ಕೇಳಿ ಬುಷ್ ಹೋಗಿದೆಯೋ ಕಾರ್ಬನ್ ಹೋಗಿದೆಯೋ ಹೇಳುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಕಿವಿಯ ವಿಷಯದಲ್ಲಿ ನಾನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವನಲ್ಲ. ಆದರೆ ಒಲೆಗೆ ಬೆನ್ನು ಹಾಕಿ ಕೂತು, ತೆಂಗಿನಕಾಯಿ ತುರಿಯುತ್ತಾ, ಪಾತ್ರೆಯ ಕಡೆ ತಿರುಗಿಯೂ ನೋಡದೆ "ಹುರುಳಿಗೆ ಇನ್ನೂ ಮನಸ್ಸಾಗ್ಲಿಲ್ಲ" ಎಂದು ಹೇಳಬಲ್ಲವರನ್ನು ನಾನು ಕಂಡದ್ದು ಒಬ್ಬರನ್ನೇ. ಬೇಯದ ಕಾಳು ಪಾತ್ರೆಯ ತಳಕ್ಕೆ ಬಡಿಯುವಾಗ ಟಕಟಕ ಅನ್ನುತ್ತದಂತೆ. ಅರ್ಧ ಬೆಂದಾಗ ಆ ಸದ್ದು ಮೆತ್ತಗಾಗುತ್ತದಂತೆ. ಪೂರ್ತಿ ಬೆಂದ ಮೇಲೆ ಕಾಳಿನ ಸದ್ದೇ ಇರುವುದಿಲ್ಲ, ನೀರಿನದು ಮಾತ್ರ. ನಾನೂ ಎಷ್ಟೋ ಸಲ ಕಿವಿಗೊಟ್ಟು ಕೂತಿದ್ದೇನೆ. ನನಗೆ ಕೇಳಿಸಿದ್ದು ಕುದಿಯುವ ಸದ್ದು ಮಾತ್ರ.

ಅವರು ನನ್ನ ಅಪ್ಪನ ಅಕ್ಕ. ರಾಮಕುಂಜದಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಅಜ್ಜ ಬದುಕಿದ್ದಾಗಲೇ ಮಗಳಿಗೂ ಪಾಲು ಕೊಟ್ಟು ಪಕ್ಕದಲ್ಲೇ ಮನೆ ಕಟ್ಟಿಸಿದ್ದರು. ಅತ್ತೆ ಮಗನೊಂದಿಗೆ ಅಲ್ಲಿ, ನಾವು ಇಲ್ಲಿ, ನಡುವೆ ಒಂದು ತಂತಿಬೇಲಿ. ಅತ್ತೆ ಕುಳ್ಳಗೆ, ದಪ್ಪಗೆ, ಬಾಯಿ ತುಂಬ ಎಲೆಯಡಿಕೆ. ಬೇಲಿಯಾಚೆ ಅವರು ಪಿಸುಗುಟ್ಟಿದರೂ ಈಚೆ ನಮಗೆ ಅರ್ಥವಾಗುತ್ತಿತ್ತು. ಮನುಷ್ಯರನ್ನೆಲ್ಲ ಗದರಿಸಿಯೇ ಮಾತಾಡಿಸುತ್ತಿದ್ದ ಈ ಹೆಂಗಸು ಕಾಳುಗಳ ಬಗ್ಗೆ ಮಾತ್ರ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. "ಹೆಸರು ಪಾಪದ್ದು. ಅದಕ್ಕೆ ಜೀರಿಗೆ, ಒಂದು ಚೂರು ಶುಂಠಿ, ಅಷ್ಟೇ ಸಾಕು, ಹೆಚ್ಚು ಹಾಕಿ ಹೆದರಿಸುದು ಬೇಡ. ಅಲಸಂಡೆಗೆ ಹುರಿದ ಕೊತ್ತಂಬರಿ ಆಗ್ಬೇಕು, ಕಾಯಿ ಧಾರಾಳ ಆಗ್ಬೇಕು. ಕಡಲೆಗೆ ಮೆಂತೆ ನಾಲ್ಕೇ ಕಾಳು. ಹುರುಳಿ ಉಂಟಲ್ಲ, ಅದು ಹಠದ್ದು. ಅದರ ಹತ್ತಿರ ನಾವು ಹಠ ಮಾಡ್ಲಿಕ್ಕಿಲ್ಲ, ಕಾಯುದು."

ಕುಕ್ಕರನ್ನು ಅವರು ಒಲೆಯ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. "ಅದರಲ್ಲಿ ಕಾಳು ಬೇಯುದಿಲ್ಲ ಮಾರಾಯ, ಹೆದರಿ ಒಡೆಯುದು." ನನ್ನ ಕಸುಬಿನ ಮೇಲೂ ಅವರಿಗೆ ಗೌರವ ಇರಲಿಲ್ಲ. ನಾನೇ ರಿಪೇರಿ ಮಾಡಿ ಒಳ್ಳೆಯದೊಂದು ಮಿಕ್ಸಿ ತಂದುಕೊಟ್ಟರೆ, ಒಂದು ಸಲ ತಿರುಗಿಸಿ, "ಇದು ಮಸಾಲೆ ಅರೆಯುದಾ, ಮಸಾಲೆಗೆ ಬೈಯುದಾ?" ಎಂದು ಕೇಳಿ ಮೂಲೆಗೆ ಇಟ್ಟರು. ಅದು ಈಗಲೂ ಅಲ್ಲೇ ಇದೆ.

ಊರಿನಲ್ಲಿ ಮದುವೆ, ಪೂಜೆ ಎಂದು ಯಾವ ಮನೆಯ ಜಂಬರಕ್ಕೂ ಅಡುಗೆಯವರು ಬೇರೆಯೇ ಬರುತ್ತಿದ್ದರು, ಕಾಳಿನ ಸಾರಿಗೆ ಮಾತ್ರ ಕುಸುಮಕ್ಕನೇ ಆಗಬೇಕು. ಒಮ್ಮೆ ನಮ್ಮ ನೆರೆಮನೆಯ ನಿಶ್ಚಿತಾರ್ಥಕ್ಕೆ ಅವರು ಹೋಗುವುದು ಸ್ವಲ್ಪ ತಡವಾಯಿತು. ಕಡಬದ ಕಡೆಯಿಂದ ಬಂದಿದ್ದ ಹೊಸ ಅಡುಗೆಯವನು ಉತ್ಸಾಹದಲ್ಲಿ ಅರ್ಧ ಬೆಂದ ಅಲಸಂಡೆಗೆ ಪುನರ್ಪುಳಿ ಹಾಕಿಬಿಟ್ಟಿದ್ದ. ಹುಳಿ ಬಿದ್ದ ಮೇಲೆ ಕಾಳು ಬೇಯುವುದುಂಟೇ? ಎಷ್ಟು ಕಟ್ಟಿಗೆ ಉರಿಸಿದರೂ ಕಲ್ಲು ಕಲ್ಲಾಗಿಯೇ ಕುದಿಯುತ್ತಿತ್ತು. ಗಂಡಿನ ಕಡೆಯವರ ವ್ಯಾನು ಅಂಗಳಕ್ಕೆ ಬಂದಾಗಿತ್ತು. ಅತ್ತೆ ಬಂದು ಪಾತ್ರೆಯ ಸದ್ದು ಕೇಳಿದ್ದೇ, "ಯಾರು ಇದಕ್ಕೆ ಈಗಲೇ ಹುಳಿ ತೋರಿಸಿದ್ದು?" ಎಂದರು. ಆಮೇಲೆ ಯಾರನ್ನೂ ಬೈಯಲಿಲ್ಲ. ಹುಳಿನೀರನ್ನು ಪೂರ್ತಿ ಬಸಿದು ಬದಿಗಿಟ್ಟು, ಕಾಳನ್ನು ತೊಳೆದು, ಅರ್ಧವನ್ನು ಗ್ರೈಂಡರಿನಲ್ಲಿ ತರಿತರಿಯಾಗಿ ತಿರುಗಿಸಿ, ಉಳಿದದ್ದರ ಜೊತೆ ಹೊಸ ಬಿಸಿನೀರಿಗೆ ಹಾಕಿದರು. ತರಿಯೆಲ್ಲ ಬೇಗ ಬೆಂದು ಸಾರು ದಪ್ಪಗಾಯಿತು. ಇಡೀ ಕಾಳು ಅದರೊಳಗೆ ನಿಧಾನಕ್ಕೆ ಮೆತ್ತಗಾಯಿತು. ಬಸಿದಿಟ್ಟ ಹುಳಿನೀರು ಕೊನೆಗೆ ಅದೇ ಪಾತ್ರೆಗೆ ಹೋಯಿತು. ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ಅಂಗಳದಲ್ಲಿ ಕೂತಿದ್ದ ಗಂಡಿನ ಕಡೆಯ ಹಿರಿಯರು ಮಾತು ನಿಲ್ಲಿಸಿ ಹಿಂದೆ ತಿರುಗಿ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಂದು ಆ ಸಾರನ್ನು ಎಲ್ಲರಿಗಿಂತ ಹೆಚ್ಚು ಬಡಿಸಿಕೊಂಡವರು ನನ್ನ ಅಪ್ಪ. ಪಂಕ್ತಿಯ ಕೊನೆಯಲ್ಲಿ ತಲೆ ತಗ್ಗಿಸಿ ಕೂತು, ಬಡಿಸುವವನು ಬಂದಾಗಲೆಲ್ಲ ಬೇಡ ಅನ್ನದೆ ಬಡಿಸಿಕೊಳ್ಳುತ್ತಿದ್ದರು. ಯಾಕೆಂದರೆ ಅಕ್ಕನ ಕೈಯ ಸಾರು ಅವರಿಗೆ ಸಿಗುತ್ತಿದ್ದದ್ದು ಬೇರೆಯವರ ಮನೆಯಲ್ಲಿ ಮಾತ್ರ.

ಅಪ್ಪನಿಗೂ ಅತ್ತೆಗೂ ನಡುವೆ ಆಣೆ ಇತ್ತು. ತೋಟಕ್ಕೆ ನೀರು ಬಿಡುವ ಸರದಿಯ ವಿಷಯದಲ್ಲಿ ಒಂದು ಬೇಸಗೆಯಲ್ಲಿ ಮಾತಿಗೆ ಮಾತು ಬೆಳೆದು, ಇಬ್ಬರೂ ನಮ್ಮೂರ ದೇವಸ್ಥಾನದ ನಡೆಯಲ್ಲಿ, ದೇವರ ಎದುರು ನಿಂತು, ಇನ್ನು ನಿನ್ನ ಮನೆಯ ಅನ್ನ ನೀರು ಬಾಯಿಗೆ ಮುಟ್ಟಿಸುವುದಿಲ್ಲ ಎಂದು ಒಬ್ಬರಿಗೊಬ್ಬರು ಆಣೆ ಹಾಕಿಬಿಟ್ಟಿದ್ದರು. ನಮ್ಮ ಕಡೆ ಆಣೆ ಎಂದರೆ ಆಡಿ ಮರೆಯುವ ಮಾತಲ್ಲ. ಹಾಕಿದ ಜಾಗದಲ್ಲೇ ಇಬ್ಬರೂ ಒಟ್ಟಿಗೆ ನಿಂತು ಬಿಡಿಸಿಕೊಳ್ಳದೆ ಅದು ಹೋಗುವುದಿಲ್ಲ. ಯಾರು ಮೊದಲು ಹೋಗೋಣ ಅನ್ನುವುದು? ಇಬ್ಬರೂ ಅನ್ನಲಿಲ್ಲ. ವರ್ಷಗಳು ಹೋದವು. ಮಾತು ಇತ್ತು, ಬೇಲಿಯಾಚೆ ಈಚೆ ನಿಂತು ಮಳೆ, ಬೆಳೆ, ಮದುವೆಯ ಸುದ್ದಿ ಎಲ್ಲ ಆಗುತ್ತಿತ್ತು. ನೀರು ಮಾತ್ರ ಇರಲಿಲ್ಲ. ನಮಗೆ ಮಕ್ಕಳಿಗೆ ಆಣೆ ಇಲ್ಲದ್ದರಿಂದ ನಾನು ಅತ್ತೆಯಲ್ಲಿ ಹೊಟ್ಟೆ ತುಂಬ ಉಂಡು ಬರುತ್ತಿದ್ದೆ. ಬಂದ ಕೂಡಲೇ ಅಪ್ಪ ಕೇಳುತ್ತಿದ್ದರು: "ಎಂತ, ಇವತ್ತು ಹುರುಳಿಯಾ?" ನನ್ನ ಅಂಗಿಯಿಂದಲೇ ಅವರಿಗೆ ಗೊತ್ತಾಗುತ್ತಿತ್ತು. ಅತ್ತೆ ಸಾರಿಗೆ ಹೋಗುತ್ತಾರೆಂದು ತಿಳಿದರೆ ಸಾಕು, ನಮಗೆ ಪರಿಚಯವೇ ಇಲ್ಲದವರ ಹೊಸಮನೆಯ ಒಕ್ಕಲಿನ ಊಟಕ್ಕೂ ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಡುತ್ತಿದ್ದರು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಮೂರ್ನಾಲ್ಕು ವರ್ಷದ ಹಿಂದೆ, ಸೆಕೆ ಶುರುವಾಗುವ ಹೊತ್ತಿಗೆ, ಅಪ್ಪನಿಗೆ ಒಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಬಾಯಿರುಚಿಯನ್ನು ಎತ್ತಿಕೊಂಡು ಹೋಯಿತು. ಗಂಜಿ ಬೇಡ, ಚಟ್ನಿ ಬೇಡ, ಹಣ್ಣು ಬೇಡ. ನನ್ನ ಹೆಂಡತಿ ವಿಮಲಾ ಮಾಡದ ಅಡುಗೆ ಇಲ್ಲ. ಅಪ್ಪ ಬಟ್ಟಲಿನ ಕಡೆ ನೋಡಿ ಗೋಡೆಯ ಕಡೆ ತಿರುಗುತ್ತಿದ್ದರು. ದೊಡ್ಡ ಆಳು, ಮಂಚದಲ್ಲಿ ಇದ್ದಾರೋ ಇಲ್ಲವೋ ಎಂಬಷ್ಟು ಇಳಿದುಹೋದರು. ಪುತ್ತೂರಿನ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮದ್ದು ನಾನು ಕೊಡಬಹುದು, ಊಟ ನೀವೇ ಮಾಡಿಸ್ಬೇಕು. ಹೀಗೇ ಆದ್ರೆ ಕಷ್ಟ ಉಂಟು" ಎಂದರು. ಅವರು ಎಂಥ ಕಷ್ಟದ ಮಾತಾಡುತ್ತಿದ್ದಾರೆಂದು ನನಗೆ ಅರ್ಥವಾಯಿತು.

ಬೇಲಿಯ ಹತ್ತಿರ ಅತ್ತೆ ಕಾಯುತ್ತಾ ನಿಂತಿದ್ದರು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಎಲೆಯಡಿಕೆ ಉಗಿದರು. ಆಮೇಲೆ ಅಂದರು:

"ಅವ ಹೋದ್ರೆ ಬಾಯಿಗೆ ನೀರು ಬಿಡ್ಲಿಕ್ಕೂ ನನಗೆ ಆಗುದಿಲ್ಲ. ಗೊತ್ತುಂಟಾ ನಿನಗೆ?"

ಗೊತ್ತಿತ್ತು. ಜೀವ ಹೋಗುವಾಗ ಒಡಹುಟ್ಟಿದವರು, ಮಕ್ಕಳು ಬಾಯಿಗೆ ಎರಡು ಹನಿ ನೀರು ಬಿಡಬೇಕು. ನೀರಿನ ಆಣೆ ಇದ್ದವರು ದೂರ ನಿಲ್ಲಬೇಕು. ಬಿಡಿಸಿಕೊಳ್ಳೋಣವೆಂದರೆ ದೇವಸ್ಥಾನದ ಮೆಟ್ಟಿಲಿರಲಿ, ಬಚ್ಚಲಿಗೆ ನಡೆಯುವ ತ್ರಾಣವೂ ಅಪ್ಪನಿಗೆ ಇರಲಿಲ್ಲ. ಅತ್ತೆ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮರುಕ್ಷಣ ಮಾಮೂಲಿ ಗಂಟಲು ಬಂತು: "ನಿಮ್ಮಲ್ಲಿ ಹುರುಳಿ ಉಂಟಾ? ನಿಮ್ಮದೇ ಆಗ್ಬೇಕು. ಇವತ್ತು ನೆನೆ ಹಾಕ್ಲಿಕ್ಕೆ ಹೇಳು. ನಾಳೆ ಬರ್ತೇನೆ."

ಮರುದಿನ ಬೆಳಿಗ್ಗೆ ಅತ್ತೆ ಬಂದರು. ಎಲೆಯಡಿಕೆಯ ಚೀಲವನ್ನು ಬೇಲಿಯ ಕಂಬಕ್ಕೇ ಸಿಕ್ಕಿಸಿದರು. ತಮ್ಮ ಮನೆಯದು ಒಂದು ಸುಣ್ಣದ ಚೂರೂ ನಮ್ಮ ಮನೆಯೊಳಗೆ ಬರಬಾರದೆಂದು. ಸೊಂಟದ ಬೀಗದ ಕೈಯನ್ನೂ ಅಲ್ಲೇ ಇಟ್ಟರು. ಹಿತ್ತಿಲಿನ ಕಟ್ಟಿಗೆ ಒಲೆಯ ಮುಂದೆ ಕೂತು, ನೆನೆದ ಹುರುಳಿಯನ್ನು ಬೆರಳಲ್ಲಿ ಹಿಚುಕಿ ನೋಡಿ, ಪಾತ್ರೆ ಇಟ್ಟರು. ವಿಮಲಾ ಎಲ್ಲವನ್ನೂ ಎತ್ತಿ ಕೊಡುತ್ತಿದ್ದಳು. ಪ್ರತಿಯೊಂದಕ್ಕೂ ಅವರದು ಒಂದೇ ಪ್ರಶ್ನೆ: "ಇದು ನಿಮ್ಮದೇ ಅಲ್ವಾ?" ಒಣಮೆಣಸು, ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸಿನ ಕಾಳು ಬೇರೆ ಬೇರೆಯಾಗಿ ಹುರಿದರು. ಬೆಂದ ಕಾಳಿನಿಂದ ಒಂದು ಹಿಡಿ ತೆಗೆದು, ಸ್ವಲ್ಪ ಕಾಯಿಯ ಜೊತೆ ಕಲ್ಲಿನಲ್ಲಿ ಅರೆದು, ಕಾಳು ಬೇಯಿಸಿದ ಕಂದು ನೀರಿಗೇ ಬೆರೆಸಿದರು. ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಒಂದು ಗಳಿಗೆ ತಡೆದು ಬಿಟ್ಟರು.

"ಅತ್ತೆ, ನಾನು ರುಚಿ ನೋಡ್ಲಾ?" ಎಂದು ವಿಮಲಾ ಕೇಳಿದಳು. ಅತ್ತೆಗೆ ನಮ್ಮ ಮನೆಯದು ನಾಲಗೆಗೆ ತಾಗಿಸುವಂತಿಲ್ಲವಲ್ಲ.

"ನಿನ್ನ ನಾಲಗೆ ನನಗೆ ಎಂತಕ್ಕೆ? ಉಣ್ಣುದು ಅವನು."

ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾದಾಗ ಪರಿಮಳ ಒಳಕೋಣೆಗೆ ಹೋಗಿರಬೇಕು. ಅಪ್ಪ ಮಂಚದಿಂದ ಕೇಳಿದರು: "ಯಾರು ಹಿಂದೆ?"

"ಅತ್ತೆ" ಎಂದೆ.

ಅಪ್ಪ ಮಾಡಿನ ಹಂಚು ನೋಡುತ್ತಾ ಮಲಗಿದ್ದರು. ಈಗ ಬೈಯುತ್ತಾರೆ, ಈಗ ಗೋಡೆಗೆ ತಿರುಗುತ್ತಾರೆ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ.

"ಹುರುಳಿ ಯಾರದ್ದು?"

"ನಮ್ಮದು."

"ನೀರು?"

"ನಮ್ಮ ಬಾವಿದು."

"ಕಟ್ಟಿಗೆ? ಉಪ್ಪು?"

"ಎಲ್ಲ ನಮ್ಮದೇ ಅಪ್ಪ."

"ಹಾಗಾದ್ರೆ ಅವಳದ್ದು ಎಂತ?"

"ಕೈ ಮಾತ್ರ."

ಅಪ್ಪ ಬಹಳ ಯೋಚಿಸಿ, ನ್ಯಾಯ ತೀರ್ಮಾನ ಮಾಡುವವರ ಹಾಗೆ ಹೇಳಿದರು: "ಕೈಗೆ ಆಣೆ ಇಲ್ಲ. ತಾ."

ಆ ದಿನ ಅವರು ಕುಡಿದದ್ದು ಅರ್ಧ ಬಟ್ಟಲು. ವಿಮಲಾ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತೆ ಬಾಗಿಲ ಸಂದಿನಿಂದ ತಮ್ಮನ ಮುಖವನ್ನೇ ನೋಡುತ್ತಿದ್ದರು. ಮೊದಲ ಗುಟುಕು ಒಳಗಿಳಿದದ್ದೇ ನನ್ನ ಕಡೆ ತಿರುಗಿ, "ಉಪ್ಪು ಒಂದು ಚೂರು ಕಮ್ಮಿ ಆಗಿದೆ" ಎಂದರು. ನಾನು ಆಮೇಲೆ ಕುಡಿದು ನೋಡಿದೆ. ಹೌದು, ಒಂದೇ ಒಂದು ಚೂರು. ಮರುದಿನ ಅದೂ ಸರಿಯಾಯಿತು. ನಾನು ಆಶ್ಚರ್ಯಪಟ್ಟು ಕೇಳಿದ್ದಕ್ಕೆ, "ಅವನನ್ನು ಎತ್ತಿ ಆಡಿಸಿದವಳು ನಾನು. ಅವನ ಮುಖ ನನಗೆ ಗೊತ್ತಿಲ್ವಾ?" ಎಂದರು.

ಅಂದಿನಿಂದ ದಿನವೂ ಬಂದರು. ಹುರುಳಿ, ಹೆಸರು, ಕಡಲೆ, ಮತ್ತೆ ಹುರುಳಿ. ಅಪ್ಪ ಮಂಚದಿಂದ ಎದ್ದು ಕೂತರು, ಆಮೇಲೆ ಗೋಡೆ ಹಿಡಿದು ನಡೆದರು, ಆಮೇಲೆ ಜಗಲಿಗೆ ಬಂದು ಕೂತು ಪೇಪರು ಓದಿದರು. ಅಂಗಡಿಯಲ್ಲಿ ಕೂತು ಈ ಕತೆ ಹೇಳುವಾಗ ನಾನು ಇಲ್ಲಿಗೆ ಬಂದಾಗಲೆಲ್ಲ ನಿಲ್ಲಿಸುತ್ತೇನೆ. ಕೇಳುವವರು ಸಾರಿನ ಬಗ್ಗೆ ಕೇಳುತ್ತಾರೆ, ನನಗೆ ಹೇಳಬೇಕಾದದ್ದು ಬೇರೆಯೇ ಇದೆ. ಅದು ಬೇಸಗೆ. ಹಿತ್ತಿಲಿನ ಮಾಡು ಕಾದು, ಒಲೆಯ ಬೆಂಕಿಯೂ ಸೇರಿ, ಅಲ್ಲಿ ನಿಂತರೆ ನನ್ನ ಅಂಗಿ ಒದ್ದೆಯಾಗುತ್ತಿತ್ತು. ಎಪ್ಪತ್ತು ದಾಟಿದ ಅತ್ತೆ ಬೆಳಗಿನಿಂದ ಮಧ್ಯಾಹ್ನದ ತನಕ ಅದರ ಮುಂದೆ ಕೂರುತ್ತಿದ್ದರು. ಪಕ್ಕದಲ್ಲೇ ಕೊಡಪಾನ ತುಂಬ ತಣ್ಣನೆಯ ನೀರು. ಅದರಿಂದ ಕಾಳಿಗೆ ನೀರು ಹೊಯ್ಯುತ್ತಿದ್ದರು, ಮುಖ ತೊಳೆಯುತ್ತಿದ್ದರು, ತುಟಿಯ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ವಿಮಲಾ ಒಂದು ದಿನ ತಡೆಯಲಾರದೆ, "ಒಂದು ಗುಟುಕು ಕುಡಿರಿ ಅತ್ತೆ, ಯಾರು ನೋಡ್ತಾರೆ?" ಎಂದಳು. ಅತ್ತೆ ಗದರಿಸಲಿಲ್ಲ. "ಅವನ ಆಣೆ ಉಳಿಸಿದ್ದೇನಲ್ಲ, ನನ್ನದು ನಾನೇ ಮುರಿಯುದಾ?" ಎಂದು ಉರಿ ಸರಿಮಾಡಿದರು. ಕಣ್ಣೆದುರು ಮನುಷ್ಯರೊಬ್ಬರು ಇಷ್ಟು ಗಟ್ಟಿ ಇರಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದೇವರ ಎದುರು ನಿಂತಾಗಲೂ ನನಗೆ ಅಷ್ಟು ಭಕ್ತಿ ಬಂದದ್ದು ಕಡಿಮೆ.

ಅಪ್ಪನಿಗೆ ಇದು ತಿಳಿದಿರಲಿಲ್ಲ. ಜಗಲಿಗೆ ಬಂದು ಕೂರತೊಡಗಿದ ಮೇಲೆ ಒಂದು ಮಧ್ಯಾಹ್ನ ಅವರು ಅಕ್ಕ ಬೇಲಿ ದಾಟಿ ಹೋಗುವುದನ್ನು ನೋಡುತ್ತಿದ್ದರು. ಅತ್ತೆ ನೇರ ತಮ್ಮ ಬಾವಿಯ ಹತ್ತಿರ ಹೋಗಿ, ನೀರು ಸೇದಿ, ಕೊಡಪಾನವನ್ನೇ ಎತ್ತಿ ಬಾಯಿಗೆ ಸುರಿದುಕೊಂಡರು. ಎದೆಯ ಮೇಲೆಲ್ಲ ನೀರು ಹರಿಯಿತು. ಮತ್ತೆ ಸೇದಿ ಮತ್ತೆ ಕುಡಿದರು. ಆಮೇಲೆ ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

"ಅವಳು ಇಲ್ಲಿ ನೀರು ಕುಡಿಯುದಿಲ್ವಾ?" ಅಪ್ಪ ಕೇಳಿದರು.

"ಅವರಿಗೂ ಆಣೆ ಉಂಟಲ್ಲ."

"ಸಾರಿನ ರುಚಿಯಾದ್ರೂ ನೋಡ್ತಾಳೆ ಅಲ್ವಾ? ರುಚಿ ನೋಡದೆ ಹೇಗೆ ಮಾಡುದು?"

"ಇಲ್ಲ ಅಪ್ಪ. ಒಂದು ದಿನವೂ ನಾಲಗೆಗೆ ತಾಗಿಸ್ಲಿಲ್ಲ."

ಅಪ್ಪ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಉಪ್ಪು ನೋಡದೆ ಯಾವ ಅಡುಗೆಯೂ ಆಗುವುದಿಲ್ಲ, ಹಾಗಾಗಿ ಅಕ್ಕ ಕದ್ದು ರುಚಿ ನೋಡಿಯೇ ನೋಡುತ್ತಾಳೆ, ಅಂದರೆ ಆಣೆ ಮುರಿದವಳು ಅವಳು, ಗೆದ್ದವನು ತಾನು ಎಂದು ಮಂಚದಲ್ಲಿ ಮಲಗಿ ಒಳಗೊಳಗೇ ಖುಷಿಪಟ್ಟಿದ್ದರಂತೆ. ಸಾಯಲು ಬಿದ್ದ ಮನುಷ್ಯನ ಲೆಕ್ಕಾಚಾರ ನೋಡಿ! ಅಂದು ಅವರು ಪೇಪರು ಮಡಚಿಟ್ಟು, "ನಾಳೆ ಜೀಪು ತರಿಸು. ದೇವಸ್ಥಾನಕ್ಕೆ ಹೋಗುದು. ಅವಳಿಗೂ ಹೇಳು" ಎಂದರು. ಮೊದಲು ಹೋಗೋಣ ಅಂದದ್ದು ಕೊನೆಗೂ ಅಪ್ಪನೇ.

ಜೀಪಿನಲ್ಲಿ ಅಪ್ಪ ಮುಂದೆ, ಅತ್ತೆ ಹಿಂದೆ. ಅರ್ಚಕರು ಇಬ್ಬರನ್ನೂ ನಡೆಯಲ್ಲಿ ನಿಲ್ಲಿಸಿ, "ಯಾವ ಕಾರಣಕ್ಕೆ ಆಣೆ ಆದದ್ದು, ಅದನ್ನು ಹೇಳಿ ಬಿಟ್ಟುಬಿಡಿ" ಎಂದರು. ಅಲ್ಲಿ ಕೆಟ್ಟಿತು. ಆ ದಿನ ನೀರು ಬಿಡುವ ಸರದಿ ತನ್ನದು ಎಂದು ಅಪ್ಪ, ತನ್ನದು ಎಂದು ಅತ್ತೆ.

"ನಿನ್ನ ಸರದಿ ಮುಂಚಿನ ದಿನವೇ ಮುಗಿದಿತ್ತು ವಾಸು, ದೇವರ ಎದುರು ಸುಳ್ಳು ಹೇಳ್ಬೇಡ!"

"ನೀನು ಪಂಪಿನ ಸ್ವಿಚ್ಚು ಹಾಕಿದ್ದು ನಾನು ನೋಡಿದ್ದೇನೆ ಅಕ್ಕ!"

ಅರ್ಚಕರು ತೀರ್ಥದ ಪಾತ್ರೆ ಕೆಳಗಿಟ್ಟು ಕೇಳಿದರು: "ನೀವು ಬಿಡಿಸ್ಲಿಕ್ಕೆ ಬಂದದ್ದಾ ಮಾರಾಯ್ರೆ, ಹೊಸತು ಹಾಕ್ಲಿಕ್ಕೆ ಬಂದದ್ದಾ?"

ಅತ್ತೆಗೆ ಮೊದಲು ನಗು ಬಂತು. ಆಮೇಲೆ ಅಪ್ಪನಿಗೆ. ನಗುತ್ತಾ ನಗುತ್ತಾ ಅತ್ತೆ ಅಳತೊಡಗಿದರು. ಕಾಣಿಕೆ ಹಾಕಿ, ಕೈಮುಗಿದು, ತೀರ್ಥ ತಕ್ಕೊಂಡು ಬಂದೆವು. ಸರದಿ ಯಾರದ್ದಾಗಿತ್ತೆಂದು ಇವತ್ತಿಗೂ ತೀರ್ಮಾನವಾಗಿಲ್ಲ.

ಮನೆಗೆ ಬಂದಾಗ ಅತ್ತೆ ಹಿತ್ತಿಲಿನಿಂದ ಬರಲಿಲ್ಲ. ಮುಂದಿನ ಬಾಗಿಲಿನಿಂದ, ತಾವು ಹುಟ್ಟಿದ ಮನೆಯೊಳಗೆ ಬಂದು, ಚಾಪೆಯ ಮೇಲೆ ಕೂತು, "ಒಂದು ಚೆಂಬು ನೀರು ಕೊಡು ವಿಮಲಾ" ಎಂದರು. ವಿಮಲಾ ಬೆಲ್ಲವನ್ನೂ ತಂದಿಟ್ಟಳು. ಬೆಲ್ಲ ಮುಟ್ಟದೆ ಕಣ್ಣು ಮುಚ್ಚಿ ಇಡೀ ಚೆಂಬು ನೀರು ಕುಡಿದರು. ಅಪ್ಪ ಎದುರು ಕೂತು ನೋಡುತ್ತಿದ್ದರು, ಅತ್ತೆ ಬಾಗಿಲ ಸಂದಿನಿಂದ ಅವರನ್ನು ನೋಡುತ್ತಿದ್ದ ಹಾಗೆಯೇ. ಊಟಕ್ಕೆ ವಿಮಲಾ ಹಿಂದಿನ ದಿನದ ಹುರುಳಿ ಸಾರನ್ನು ಬಿಸಿ ಮಾಡಿ ತಂದರೆ ಅತ್ತೆ ಬಟ್ಟಲು ದೂಡಿದರು. "ನಾನು ಮಾಡಿದ್ದನ್ನು ನಾನೇ ಉಂಡು ಹೊಗಳ್ಲಿಕ್ಕಾ? ನೀನು ಎಂತ ಮಾಡಿದ್ದಿ, ಅದು ಬಡಿಸು." ವಿಮಲಾ ಮಾಡಿದ್ದು ಬರೀ ತಿಳಿಸಾರು. ಅದನ್ನೇ ಎರಡು ಸಲ ಬಡಿಸಿಕೊಂಡರು.

ಆಮೇಲಿನ ವರ್ಷಗಳಲ್ಲಿ ಬೇಲಿಯ ತಂತಿ ಒಂದು ಕಡೆ ಕತ್ತರಿಸಿ ದಾರಿಯಾಯಿತು. ವಿಮಲಾ ಕಲ್ಲಿನಲ್ಲಿ ಅರೆಯಲು ಕಲಿತಳು, ನನ್ನ ಕಸುಬಿಗೆ ಮನೆಯೊಳಗೇ ಒಬ್ಬ ವೈರಿ ಹುಟ್ಟಿದ ಹಾಗಾಯಿತು. ಅತ್ತೆಯ ಹಾಗೆ ಸದ್ದು ಕೇಳಿ ಹೇಳಲು ಅವಳಿಗೂ ಬರಲಿಲ್ಲ. ಅಪ್ಪ ಅಂತೂ ಎರಡೂ ಮನೆಯಲ್ಲಿ ಉಂಡು, ಹೊಟ್ಟೆ ಸವರಿಕೊಂಡು, ಎಷ್ಟೋ ವರ್ಷದ ಬಾಕಿಯನ್ನು ತೀರಿಸಿಕೊಂಡರು.

ಕಳೆದ ದೀಪಾವಳಿ ಕಳೆದ ಮೇಲೆ ಅತ್ತೆ ಮಲಗಿದರು. ನುಂಗಲು ಆಗುತ್ತಿರಲಿಲ್ಲ. ಪುತ್ತೂರಿನ ಆಸ್ಪತ್ರೆಯವರು, ಇನ್ನು ಮನೆಯಲ್ಲೇ ಇರಲಿ ಎಂದರು. ಅವರ ಮಗ ಒಂದು ಬೆಳಿಗ್ಗೆ ಬೇಲಿಯ ದಾರಿಯಲ್ಲಿ ಓಡಿಬಂದು, "ಮಾವನನ್ನು ಕರ್ಕೊಂಡು ಬನ್ನಿ" ಎಂದ. ಅಪ್ಪ ಕೂಡಲೇ ಹೊರಡಲಿಲ್ಲ. ಕೋಲು ಹಿಡಿದು ನಮ್ಮ ಬಾವಿಯ ಹತ್ತಿರ ಹೋಗಿ, ನಾನು ಸೇದುತ್ತೇನೆಂದರೂ ಕೇಳದೆ, ತಾವೇ ನೀರು ಸೇದಿ ಒಂದು ಸಣ್ಣ ಲೋಟದಲ್ಲಿ ಹಿಡಿದುಕೊಂಡರು. ದಾರಿಯಲ್ಲಿ ಅರ್ಧ ಚೆಲ್ಲಿತು.

ಅತ್ತೆಯ ಕಣ್ಣು ಅರ್ಧ ತೆರೆದಿತ್ತು. ಯಾರ ಗುರುತೂ ಸಿಗುತ್ತಿರಲಿಲ್ಲ. ಮಗ ಬಿಟ್ಟ ನೀರು ತುಟಿಯ ಬದಿಯಿಂದ ಇಳಿದು ದಿಂಬಿಗೆ ಹೋಗಿತ್ತು. ಸೊಸೆ ಬಿಟ್ಟದ್ದೂ ಹಾಗೇ. ಅಪ್ಪ ಮಂಚದ ಬದಿಗೆ ಕೂತು, ಚಮಚವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, "ಅಕ್ಕ, ಮನೆದು. ಕುಡಿ" ಎಂದರು.

ಗಂಟಲು ಅಲುಗಿತು. ನಾವೆಲ್ಲ ನೋಡಿದೆವು.

ಅಂದು ಮಧ್ಯಾಹ್ನದ ಹೊತ್ತಿಗೆ ಅತ್ತೆ ಹೋದರು. ಅಂಗಳ ತುಂಬ ಜನ ಸೇರಿದ್ದರು. ಒಬ್ಬೊಬ್ಬರೇ ಬಂದು ಅಪ್ಪನ ಕೈ ಹಿಡಿದು, ಎಷ್ಟು ವಯಸ್ಸಾಗಿತ್ತು, ಎಂತ ಆಗಿತ್ತು ಎಂದು ಕೇಳುತ್ತಿದ್ದರು. ಅಪ್ಪ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಾನು ಬಿಟ್ಟ ನೀರು ಒಳಗೆ ಹೋಗಿದೆ."